ಸೂರ್ಯ ಮುಳುಗಿದ ಮೇಲೆ ಬನ್ನಿ ಎನ್ನಿ

ಬೇಸಿಗೆಯ ಮನೆ, ಅತಿಥಿ, ಬಿಡುವು: ಓದುಗರ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಗೃಹವಿಜ್ಞಾನ ಶಿಕ್ಷಕಿಯ ಉತ್ತರಗಳು

ಪ್ರಶ್ನೆ: ಅಕ್ಕಾವರೇ, ಮೇ ತಿಂಗಳಲ್ಲಿ ನಮ್ಮ ಮಗಳ ಮೊದಲ ಹುಟ್ಟುಹಬ್ಬ. ಬೆಂಗಳೂರು, ಮೈಸೂರಿನ ನೆಂಟರೂ ಸೇರಿ ಇಪ್ಪತ್ತೈದು ಜನ ಬರುತ್ತಾರೆ. ನಮ್ಮದು ಎರಡೇ ಕೋಣೆಯ ಸ್ಲ್ಯಾಬಿನ ಮನೆ, ಎ.ಸಿ. ಇಲ್ಲ. ಹಾಲ್ ಬಾಡಿಗೆ ಹಿಡಿಯುವ ಶಕ್ತಿಯೂ ಇಲ್ಲ. ಬಂದವರು ಬೆವರಿ ಬೇಸತ್ತು ಹೋದರೆ ಎಂಬ ಚಿಂತೆ ಕಾಡುತ್ತಿದೆ.
— ಒಬ್ಬ ತಾಯಿ, ವಿಜಯಪುರ

ಉತ್ತರ: ತಂಗೀ, ಮಧ್ಯಾಹ್ನದ ಊಟಕ್ಕೆ ಯಾರನ್ನೂ ಕರೆಯಬೇಡ. ಇದೊಂದನ್ನು ಕೇಳಿದರೆ ನಿನ್ನ ಅರ್ಧ ಚಿಂತೆ ತೀರುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಕಚೇರಿ ಬಿಸಿಲಿಗೆ ತಲೆಬಾಗುವಾಗ ನಮ್ಮ ಊಟದ ಹೊತ್ತು ಏಕೆ ಬಾಗಬಾರದು? ಹುಟ್ಟಿದ ದಿನ ಬೆಳಿಗ್ಗೆ ಮನೆಯವರಷ್ಟೇ ಸೇರಿ ಮಗುವಿಗೆ ಆರತಿ ಬೆಳಗಿರಿ. ಬಂಧುಬಳಗದ ಊಟವನ್ನು ರಾತ್ರಿ ಮಾಳಿಗೆಯ ಮೇಲೆ ಇಟ್ಟುಕೊಳ್ಳಿ. ಕ್ಯಾಲೆಂಡರ್ ನೋಡಿ ಹುಣ್ಣಿಮೆಗೆ ಒಂದೆರಡು ದಿನ ಮೊದಲಿನ ರಾತ್ರಿಯನ್ನು ಆರಿಸಿಕೋ. ಆಗ ಹೊತ್ತು ಮುಳುಗುವ ಮೊದಲೇ ಚಂದ್ರ ಮೇಲೆ ಬಂದಿರುತ್ತಾನೆ. ಹುಣ್ಣಿಮೆ ಕಳೆದ ಮೇಲಾದರೆ ಅವನು ದಿನದಿನಕ್ಕೆ ತಡವಾಗಿ ಏಳುತ್ತಾನೆ. ಊಟ ಮುಗಿದರೂ ಬೆಳದಿಂಗಳು ಸಿಗುವುದಿಲ್ಲ.

ಸ್ಲ್ಯಾಬು ಹಗಲೆಲ್ಲ ನುಂಗಿದ ಕಾವನ್ನು ಸಂಜೆ ಹೊರಗೆ ಬಿಡುತ್ತದೆ. ಅದಕ್ಕೆ ಹದಿನೈದು ದಿನ ಮೊದಲೇ ಮಾಳಿಗೆಯನ್ನು ಗುಡಿಸಿ, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿಸು. ಬಿಳಿಯ ನೆಲ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಗಿನ ಕೋಣೆಗಳ ಧಗೆಯೂ ತಗ್ಗುತ್ತದೆ. ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಲ್ಲಿಯ ನೀರಿಗೆ ದಿನ ಎಣಿಸಿ ಕಾಯುವ ಊರು ನಮ್ಮದು. ಸೊಪ್ಪು, ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಆರೂವರೆಗೆ ಚಿಮುಕಿಸಿದರೆ ಸಾಕು. ಎಂಟು ಗಂಟೆಗೆ ಜಮಖಾನೆ ಹಾಸಿ, ಅದರ ಮೇಲೆ ಮನೆಯಲ್ಲಿರುವ ಕೌದಿಗಳನ್ನೆಲ್ಲ ಹರಡು. ಬೆಂಗಳೂರಿನವರು ಆ ಕೌದಿಯ ಹೊಲಿಗೆಯನ್ನೇ ನೋಡುತ್ತ ಕುಳಿತುಬಿಡುತ್ತಾರೆ.

ಅಡುಗೆಯ ಮಾತಿಗೆ ಬರೋಣ. ಬೆಳಿಗ್ಗೆ ಎಂಟಕ್ಕೆ ಒಲೆ ಆರಬೇಕು. ಖಡಕ್ ರೊಟ್ಟಿಯನ್ನು ಎರಡು ದಿನ ಮೊದಲೇ ಮಾಡಿಡು, ಇಲ್ಲವೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ನೂರು ರೊಟ್ಟಿ ಹೇಳಿಬಿಡು. ಹಲ್ಲಿಲ್ಲದ ಹಿರಿಯರಿಗಾಗಿ ಹತ್ತು ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತವೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹೆಸರುಕಾಳಿನ ಪಲ್ಯ, ಹೆಚ್ಚಿದ ಸೌತೆಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯದ ಸೊಪ್ಪು, ಗಟ್ಟಿ ಮೊಸರು.

ಮೊಸರಿನ ಬಗ್ಗೆ ಎಚ್ಚರ ಇರಲಿ. ಹಿಂದಿನ ರಾತ್ರಿ ಹೆಪ್ಪು ಹಾಕಿದ್ದು ಈ ಬಿಸಿಲಿಗೆ ಸಂಜೆಯ ಹೊತ್ತಿಗೆ ಹುಳಿಯಾಗಿಬಿಡುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕು, ಆರಕ್ಕೆ ಚಮಚ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ನೀರಿನ ಅಂಶವನ್ನು ಮಣ್ಣು ಹೀರಿಕೊಳ್ಳುತ್ತದೆ. ಸಿಹಿಗೆ ಮಾವಿನ ಶೀಕರಣೆಗಿಂತ ಬೇರೆ ಯಾವುದೂ ಬೇಡ. ಐದು ಕಿಲೋ ಹಣ್ಣನ್ನು ಹಗಲು ನೀರಿನಲ್ಲಿ ನೆನೆಹಾಕಿ ಸಂಜೆ ಹಿಂಡು, ಬೆಲ್ಲ, ಏಲಕ್ಕಿ ಸೇರಿಸಿ ಪಾತ್ರೆಯನ್ನು ನೀರು ತುಂಬಿದ ಪರಾತದಲ್ಲಿ ನಿಲ್ಲಿಸಿ ಮೇಲೆ ಒದ್ದೆ ಬಟ್ಟೆ ಹೊದಿಸು. ಹಾಲನ್ನು ಬಡಿಸುವ ಹೊತ್ತಿಗೆ ಬೆರೆಸು, ಮೊದಲೇ ಬೆರೆಸಿದರೆ ಕೆಡುತ್ತದೆ. ಬಂದವರಿಗೆ ಬಾಗಿಲಲ್ಲೇ ಒಂದು ಲೋಟ ಪಾನಕ ಕೊಡು. ಇಂಡಿ ಊರಿನ ನಿಂಬೆ ನಮ್ಮ ಪಕ್ಕದಲ್ಲೇ ಇರುವಾಗ ಬಾಟಲಿಯ ಬಣ್ಣದ ನೀರು ತರುವುದು ನನಗೆ ನೋವಿನ ಸಂಗತಿ. ಬೆಲ್ಲ, ಚಿಟಿಕೆ ಉಪ್ಪು, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿದರೆ ದೂರದಿಂದ ಬಂದವರ ಮುಖ ಅರಳುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಬೇಸಿಗೆ ರಜೆಯಲ್ಲಿ ದಿನಕ್ಕೊಬ್ಬರು ನೆಂಟರು. ಬಿಸಿ ಅಡುಗೆ ಬಡಿಸದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಒಲೆಯ ಮುಂದೆಯೇ ನಿಂತಿರುತ್ತೇನೆ. ತಣ್ಣಗಿನ ಊಟ ಕೊಡುವುದು ತಪ್ಪೇ?
— ಹೆಸರು ಬೇಡ, ಇಳಕಲ್

ಉತ್ತರ: ತಪ್ಪಲ್ಲ ಮಗಳೇ. ನಿನ್ನ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಇಂಥದೇ ಮೇ ತಿಂಗಳ ಮಧ್ಯಾಹ್ನ ಹದಿನಾರು ಜನರಿಗೆ ಹೋಳಿಗೆ ಮಾಡುತ್ತಿದ್ದ ನಮ್ಮ ಅವ್ವ ಒಲೆಯ ಮುಂದೆಯೇ ಕುಸಿದಳು. ಕೈಯಲ್ಲಿ ಹೂರಣದ ಉಂಡೆ ಹಾಗೆಯೇ ಇತ್ತು. ಪಡಸಾಲೆಯಲ್ಲಿ ಉಣ್ಣುತ್ತಿದ್ದವರಿಗೆ ಅದು ಗೊತ್ತಾದದ್ದು ಮುಂದಿನ ಹೋಳಿಗೆ ಬರಲಿಲ್ಲವೆಂದು. ಅವ್ವ ಚೇತರಿಸಿಕೊಂಡಳು, ಆದರೆ ಆ ಹೂರಣದ ಉಂಡೆ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಅತ್ತೆಯವರೊಡನೆ ವಾದ ಮಾಡಬೇಡ, ಅವರಿಂದಲೇ ಕೇಳಿ ತಿಳಿದುಕೋ. "ಅತ್ತೀ, ನೀವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಹೊಲಕ್ಕೆ ಏನು ಬುತ್ತಿ ಒಯ್ಯುತ್ತಿದ್ದಿರಿ?" ಎಂದು ಕೇಳು. ರೊಟ್ಟಿ, ಮೊಸರು, ಚಟ್ನಿ, ಜೋಳದ ಅಂಬಲಿ ಎಂದು ಅವರೇ ಹೇಳುತ್ತಾರೆ. ಮರುದಿನ ಅದನ್ನೇ ಅವರ ಹೆಸರಿನಲ್ಲಿ ಬಡಿಸು. ಬೆಳಗಿನ ಆರಕ್ಕೆ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಹೆಚ್ಚಿದ ಉಳ್ಳಾಗಡ್ಡಿ ಬೆರೆಸಿ ಗಡಿಗೆಯಲ್ಲಿಡು. ನೆಂಟರು ಎರಡನೆಯ ಬಟ್ಟಲು ಕೇಳಿದಾಗ ಅತ್ತೆಯವರ ಮುಖ ನೋಡು. ಇದಾದ ಮೇಲೂ ಮಧ್ಯಾಹ್ನದ ಒಲೆ ತಪ್ಪದಿದ್ದರೆ ನಿನ್ನ ಗಂಡನಿಗೆ ಹೇಳು: ಒಲೆಯ ಮುಂದೆ ಒಂದು ತಾಸು ಅವನೂ ನಿಲ್ಲಲಿ. ಇದನ್ನು ನಾನು ಮನಸ್ಸಿಟ್ಟೇ ಹೇಳುತ್ತಿದ್ದೇನೆ.

ಪ್ರಶ್ನೆ: ಹೊಸ ಕೂಲರ್ ತಂದೆವು. ಬಾಗಿಲು ಕಿಟಕಿ ಹಾಕಿಕೊಂಡು ಕುಳಿತರೆ ಅರ್ಧ ತಾಸಿನಲ್ಲಿ ಮೈ ಅಂಟಂಟಾಗುತ್ತದೆ. ಯಂತ್ರದಲ್ಲಿ ದೋಷವೇ?
— ಬಾಗಲಕೋಟೆ

ಉತ್ತರ: ದೋಷ ಇರುವುದು ಮುಚ್ಚಿದ ಕಿಟಕಿಯಲ್ಲಿ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಕೂಲರಿನ ಕೆಲಸ ಅಷ್ಟೇ. ಆ ತೇವದ ಗಾಳಿ ಹೊರಗೆ ಹೋಗದೆ ಕೋಣೆಯಲ್ಲೇ ಸುತ್ತಿದರೆ ಇನ್ನಷ್ಟು ನೀರು ಆವಿಯಾಗುವುದು ಹೇಗೆ? ಕೂಲರನ್ನು ಒಂದು ಕಿಟಕಿಗೆ ಬೆನ್ನು ಮಾಡಿ ಇಡಿ, ಎದುರಿನ ಕಿಟಕಿಯನ್ನು ತೆರೆದಿಡಿ. ನಮ್ಮ ಒಣ ಹವೆಗೆ ಕೂಲರಿನಷ್ಟು ಒಗ್ಗುವ ವಸ್ತು ಇನ್ನೊಂದಿಲ್ಲ. ಇದೇ ಕೂಲರನ್ನು ಕಾರವಾರದ ಕಡಲತೀರಕ್ಕೆ ಒಯ್ದರೆ ಬರಿಯ ಫ್ಯಾನ್ ಆಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ.

ಪ್ರಶ್ನೆ: ಪುಣೆಯಿಂದ ಮೊಮ್ಮಕ್ಕಳಿಬ್ಬರು ಒಂದು ತಿಂಗಳಿಗೆ ಬಂದಿದ್ದಾರೆ. ಹಗಲೆಲ್ಲ ಮೊಬೈಲ್. ಹೊರಗೆ ಕರೆದೊಯ್ಯೋಣವೆಂದರೆ ಬಿಸಿಲು. ಏನು ಮಾಡಲಿ?
— ಒಬ್ಬ ಅಜ್ಜ, ಜಮಖಂಡಿ

ಉತ್ತರ: ಕಾಕಾ, ಹಗಲನ್ನು ನೆರಳಿಗೆ ಬಿಡಿ, ರಾತ್ರಿಯನ್ನೂ ನಸುಕನ್ನೂ ನೀವು ತೆಗೆದುಕೊಳ್ಳಿ. ರಾತ್ರಿ ಮಾಳಿಗೆಯ ಮೇಲೆ ಅವರನ್ನು ನಿಮ್ಮ ಎರಡೂ ಬದಿಗೆ ಮಲಗಿಸಿಕೊಳ್ಳಿ. ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿಗಳು ಎತ್ತರದಲ್ಲಿರುತ್ತಾರೆ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಿಣುಕುವುದು ಅರುಂಧತಿ. ಅದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ ಎಂದು ಪಂದ್ಯ ಕಟ್ಟಿ. ಪುಣೆಯ ದೀಪಗಳ ನಡುವೆ ಬೆಳೆದ ಮಕ್ಕಳು ಅದನ್ನು ಕಂಡಿರಲಾರರು. ಇನ್ನೂ ಎಚ್ಚರವಿದ್ದರೆ ಆಗ್ನೇಯಕ್ಕೆ ತಿರುಗಿಸಿ. ವೃಶ್ಚಿಕದ ಕೆಂಪು ನಕ್ಷತ್ರ ಮೆಲ್ಲನೆ ಮೇಲೇರುತ್ತಿರುತ್ತದೆ.

ಒಂದು ದಿನ ನಸುಕಿನ ಬಸ್ ಹಿಡಿದು ನಮ್ಮ ಊರಿಗೆ ಬನ್ನಿ. ಗೋಲಗುಮ್ಮಟವನ್ನು ಜನಜಂಗುಳಿ ಸೇರುವ ಮೊದಲು ನೋಡಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಅದು. ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೂ ಕಂಬವಿಲ್ಲ ಎಂಬುದನ್ನು ಕೆಳಗೆ ನಿಂತೇ ತೋರಿಸಿ. ಆಮೇಲೆ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಹೋಗಿ. ಒಬ್ಬ ಮೊಮ್ಮಗ ಈ ಕಡೆ, ಇನ್ನೊಬ್ಬ ಆ ಕಡೆ ಗೋಡೆಗೆ ಕಿವಿ ಹಚ್ಚಿ ನಿಲ್ಲಲಿ. ನೀವು ಗೋಡೆಯ ಹತ್ತಿರ ಬಾಯಿಟ್ಟು ಅವರ ಹೆಸರನ್ನು ಮೆಲ್ಲಗೆ ಕರೆಯಿರಿ. ಗೋಡೆಯ ಬಾಗನ್ನು ಹಿಡಿದು ನಿಮ್ಮ ದನಿ ಅವರ ಕಿವಿಗೆ ಮುಟ್ಟಿದಾಗ ಅವರು ಬೆಚ್ಚಿ ತಿರುಗಿ ನೋಡುತ್ತಾರೆ. ಹಾಗೆ ಎಷ್ಟೋ ತಂಡದ ವಿದ್ಯಾರ್ಥಿನಿಯರು ತಿರುಗಿ ನೋಡಿದ್ದನ್ನು ಕಂಡಿದ್ದೇನೆ. ಪ್ರತಿ ಸಲವೂ ನನ್ನ ಮೈ ಜುಮ್ಮೆಂದಿದೆ. ಹತ್ತು ಗಂಟೆಯೊಳಗೆ ಹೊರಟುಬಿಡಿ. ಬಾದಾಮಿಯ ಗುಹೆಗಳಿಗೂ ಇದೇ ಮಾತು, ಆ ಕೆಂಪು ಬಂಡೆ ಮಧ್ಯಾಹ್ನಕ್ಕೆ ಕಾದ ಹಂಚಾಗುತ್ತದೆ. ಆಲಮಟ್ಟಿಯ ಉದ್ಯಾನಕ್ಕೆ ಸಂಜೆ ಹೋಗಿ.

ಮಧ್ಯಾಹ್ನಕ್ಕೆ ಚೌಕಾಬಾರ ಇದ್ದೇ ಇದೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆಯಿರಿ, ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡುವ ಕೆಲಸವನ್ನು ಮಕ್ಕಳಿಗೇ ಕೊಡಿ. ತಾವೇ ತಿಕ್ಕಿದ ಬೀಜದಿಂದ ಆಡುವ ಆಟವನ್ನು ಬಿಟ್ಟು ಅವರು ಸುಲಭಕ್ಕೆ ಏಳುವುದಿಲ್ಲ. ಮೊಬೈಲನ್ನು ಕಸಿದುಕೊಳ್ಳಬೇಡಿ. ನೀವು ಅವರ ಎದುರಿಗೆ ಕುಳಿತು ಸೋಲುವುದಕ್ಕೂ ಗೆಲ್ಲುವುದಕ್ಕೂ ಸಿದ್ಧರಾದರೆ ಅದು ತಾನಾಗಿ ಕೈಯಿಂದ ಇಳಿಯುತ್ತದೆ.

ಪ್ರಶ್ನೆ: ಮನೆಯ ಗಡಿಗೆಯಲ್ಲಿ ಈ ವರ್ಷ ನೀರು ತಂಪಾಗುತ್ತಲೇ ಇಲ್ಲ. ಏಕೆ?
— ಸಿಂದಗಿ

ಉತ್ತರ: ಗಡುಸು ನೀರಿನ ಉಪ್ಪು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕುಳಿತಿದೆ, ನೀರು ಒಸರುತ್ತಿಲ್ಲ. ಹಿಂಡಿದ ನಿಂಬೆಯ ಸಿಪ್ಪೆ ಮತ್ತು ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ, ಸೋಪು ಮುಟ್ಟಿಸಬೇಡಿ. ಮೂಲೆಯಿಂದ ಎತ್ತಿ ಗಾಳಿಯಾಡುವ ಕಡೆ, ಒದ್ದೆ ಉಸುಕಿನ ಮೇಲೆ ಇಡಿ. ಎರಡು ಬೇಸಿಗೆ ಕಂಡ ಗಡಿಗೆಯಾಗಿದ್ದರೆ ಹೊಸದನ್ನೇ ತನ್ನಿ, ಬಣ್ಣ ಬಳಿದದ್ದು ಬೇಡ. ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಬೊದ್ ಎಂದರೆ ಎಲ್ಲೋ ಬಿರುಕಿದೆ, ಅಲ್ಲೇ ಬಿಟ್ಟು ಬನ್ನಿ.