ಎರಡೂ ಕಡೆ ಬೆಟ್ ಕಟ್ಟಲು ಎಷ್ಟು ದುಡ್ಡು ಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ‘ಸ್ಪೋರ್ಟ್ಸ್ ಆರ್ಬಿಟ್ರೇಜ್’ ಅಂತ ಒಂದಿದೆಯಂತೆ. ಒಂದೇ ಮ್ಯಾಚಿಗೆ ಎರಡು ಕಂಪನಿಗಳಲ್ಲಿ ಎರಡೂ ಕಡೆ ದುಡ್ಡು ಕಟ್ಟಿದರೆ ಯಾರು ಗೆದ್ದರೂ ಲಾಭವಂತೆ. ಶುರು ಮಾಡಲು 2 ಲಕ್ಷ ಕಳಿಸಮ್ಮ ಅಂತಾನೆ. ಇದು ನಿಜವೇ? ಅಷ್ಟು ದುಡ್ಡು ಬೇಕೇ?
– ಗೌರಿಬಿದನೂರಿನ ಓದುಗರು

ಉತ್ತರ: ಲೆಕ್ಕ ನಿಜ ಅಮ್ಮ. ಲಾಭ ಮಾತ್ರ ನಿಮ್ಮ ಮಗ ಅಂದುಕೊಂಡಷ್ಟಿಲ್ಲ.

ಒಂದು ಟೆನಿಸ್ ಪಂದ್ಯ ಅಂದುಕೊಳ್ಳಿ. ಮೊದಲನೆಯ ಆಟಗಾರನಿಗೆ ಒಂದು ಕಂಪನಿ 2.05 ದರ ಕೊಡುತ್ತಿದೆ, ಅಂದರೆ 1 ಪೌಂಡ್ ಕಟ್ಟಿ ಗೆದ್ದರೆ ಅಸಲೂ ಸೇರಿ 2.05 ಪೌಂಡ್ ವಾಪಸ್. ಎದುರಾಳಿಗೆ ಇನ್ನೊಂದು ಕಂಪನಿ 2.00 ಕೊಡುತ್ತಿದೆ. ಒಂದನ್ನು 2.05ರಿಂದ ಭಾಗಿಸಿದರೆ 0.4878, 2.00ರಿಂದ ಭಾಗಿಸಿದರೆ 0.5. ಕೂಡಿದರೆ 0.9878. ಈ ಮೊತ್ತ ಒಂದಕ್ಕಿಂತ ಕಡಿಮೆ ಬಂದರೆ ಮಾತ್ರ ಅವಕಾಶವಿದೆ. 200 ಪೌಂಡನ್ನು 98.77 ಮತ್ತು 101.23 ಅಂತ ಹಂಚಿ ಕಟ್ಟಿದರೆ ಯಾರು ಗೆದ್ದರೂ ಕೈಗೆ 202.47. ಉಳಿಯುವುದು 2 ಪೌಂಡ್ 47 ಪೆನ್ಸ್.

ಈಗ ಬಂಡವಾಳ. 200 ಪೌಂಡ್ ಇದ್ದರೆ ಸಾಕು ಅಂತ ತಪ್ಪು ತಿಳಿಯುವುದು ಇಲ್ಲೇ. ದುಡ್ಡು ಪಂದ್ಯ ಮುಗಿಯುವವರೆಗೆ ಎರಡೂ ಕಡೆ ಸಿಕ್ಕಿಕೊಂಡಿರುತ್ತದೆ. ಗೆದ್ದ ಕಂಪನಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಖಾಲಿಯಾದ ಕಂಪನಿಗೆ ತರಲು ಇನ್ನೊಂದೆರಡು ದಿನ. ಸುತ್ತು ಒಂದಕ್ಕೆ 4 ದಿನ ಹಿಡಿಯಿರಿ. ದಿನಕ್ಕೆ 200 ಪೌಂಡಿನ ಎರಡು ಅವಕಾಶ ಹಿಡಿಯಬೇಕೆಂದರೆ 2 × 4 × 200, ಅಂದರೆ 1,600 ಪೌಂಡ್ ಸದಾ ಓಡಾಟದಲ್ಲಿರಬೇಕು. ಇದರ ಮೇಲೆ ಅರ್ಧದಷ್ಟು ದುಡ್ಡು ಬೇಡದ ಕಂಪನಿಯಲ್ಲಿ ಸುಮ್ಮನೆ ಕೂತಿರುತ್ತದೆ, ಏಕೆಂದರೆ ಒಳ್ಳೆಯ ದರ ನಾಳೆ ಯಾವ ಕಂಪನಿಯಲ್ಲಿ ಬರುತ್ತದೋ ಗೊತ್ತಿಲ್ಲ. ಹಾಗಾಗಿ 2,400 ಪೌಂಡ್.

ಮಗ ಕೇಳಿದ 2 ಲಕ್ಷ, ಪೌಂಡಿಗೆ 118 ರೂಪಾಯಿ ಹಿಡಿದರೆ, ಸುಮಾರು 1,700 ಪೌಂಡ್. ಅದೇ ಲೆಕ್ಕದಲ್ಲಿ ಒಂದು ಅವಕಾಶಕ್ಕೆ 140 ಪೌಂಡ್ ಹಾಕಬಹುದು, ಉಳಿತಾಯ 1.73. ಒಂದೂ ದಿನ ತಪ್ಪದೆ, ಒಂದೂ ಎಡವಟ್ಟಿಲ್ಲದೆ ಮಾಡಿದರೆ ತಿಂಗಳಿಗೆ 100 ಪೌಂಡ್ ಚಿಲ್ಲರೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ 21 ದಾಟಿದವರಿಗೆ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಎಂಟು ಗಂಟೆ ದುಡಿದರೆ ಅಷ್ಟೇ ದುಡ್ಡು ಬರುತ್ತದೆ. ದರ ಹುಡುಕಿಕೊಡುವ ಸಾಫ್ಟ್‌ವೇರಿಗೆ ಕಟ್ಟುವ ತಿಂಗಳ ಶುಲ್ಕವನ್ನು ಇದರಲ್ಲಿ ಇನ್ನೂ ಕಳೆದಿಲ್ಲ.

100 ಪೌಂಡಿನಿಂದ ಶುರು ಮಾಡುತ್ತೇನೆ ಅಂದರೂ ಗಿಟ್ಟುವುದಿಲ್ಲ. ಐದು ಕಂಪನಿಗೆ ಹಂಚಿದರೆ ತಲಾ 20. ಒಂದು ಅವಕಾಶಕ್ಕೆ ಹೆಚ್ಚೆಂದರೆ 40 ಹಾಕಬಹುದು, ಲಾಭ 50 ಪೆನ್ಸಿಗೂ ಕಡಿಮೆ. ಕಲಿಯುವ ಹಂಬಲವಿದ್ದರೆ 300 ಪೌಂಡ್ ಸಾಕು, ಅದೂ ಅವನದೇ ದುಡಿಮೆಯದು. ಆದಾಯ ಅನ್ನಿಸಿಕೊಳ್ಳಬೇಕಾದರೆ 2,000 – 2,500 ಪೌಂಡಿಗಿಂತ ಕೆಳಗೆ ಇಳಿಯಬಾರದು ಎಂಬುದು ನಮ್ಮ ಅಭಿಪ್ರಾಯ.

ಮಾಡುವವರು ಹೇಳದೆ ಬಿಡುವ ಮಾತೊಂದಿದೆ. ಬ್ರಿಟಿಷ್ ಕಂಪನಿಗಳು ಇಂಥ ಗಿರಾಕಿಗಳನ್ನು ಬೇಗ ಗುರುತು ಹಿಡಿಯುತ್ತವೆ. 98.77 ಪೌಂಡ್ ಅಂತ ಪೈಸೆ ಲೆಕ್ಕದಲ್ಲಿ ಯಾವ ಕ್ರೀಡಾಭಿಮಾನಿಯೂ ಕಟ್ಟುವುದಿಲ್ಲ. ಕೆಲವು ವಾರಗಳಲ್ಲೇ ‘ನಿಮಗೆ ಗರಿಷ್ಠ 2 ಪೌಂಡ್’ ಎಂಬ ಮಿತಿ ಬಂದು ಬೀಳಬಹುದು. ಅದನ್ನು ಪ್ರಶ್ನಿಸಲು ಬರುವುದಿಲ್ಲ, ಯಾರ ಬೆಟ್ ಒಪ್ಪಬೇಕು ಅನ್ನುವುದು ಕಂಪನಿಯ ಹಕ್ಕು. ಆಗ ಗೆಳೆಯನ ಹೆಸರಿನಲ್ಲಿ ಖಾತೆ ತೆರೆಯುವ ಯೋಚನೆ ಬರುತ್ತದೆ. ಸಿಕ್ಕಿಬಿದ್ದರೆ ಖಾತೆಯ ದುಡ್ಡು ತಡೆಹಿಡಿಯುತ್ತಾರೆ. ಒಂದೇ ಕಂಪನಿಗೆ 30 ದಿನದಲ್ಲಿ 150 ಪೌಂಡ್‌ಗಿಂತ ಹೆಚ್ಚು ನಿವ್ವಳ ಠೇವಣಿ ಹಾಕಿದರೆ ಹಣಕಾಸು ಸ್ಥಿತಿಯ ಪರಿಶೀಲನೆ ಆಗಬೇಕೆಂಬ ನಿಯಮ 2025ರ ಫೆಬ್ರವರಿಯಿಂದ ಇದೆ. ಕ್ರೆಡಿಟ್ ಕಾರ್ಡಿನಲ್ಲಿ ಬೆಟ್ ಕಟ್ಟುವುದಂತೂ 2020ರ ಏಪ್ರಿಲ್‌ನಿಂದಲೇ ಅಲ್ಲಿ ನಿಷಿದ್ಧ.

ಓದಿನ ಖರ್ಚು ಅಂತ ಬ್ಯಾಂಕಿನಲ್ಲಿ ಬರೆದುಕೊಟ್ಟು ಕಳಿಸಿದ ದುಡ್ಡನ್ನು ಬೆಟ್ಟಿಂಗಿಗೆ ಬಳಸಿದರೆ ನೀವು ಕೊಟ್ಟ ಘೋಷಣೆಯೇ ಸುಳ್ಳಾಗುತ್ತದೆ. ಲಾಟರಿ, ಫುಟ್ಬಾಲ್ ಪೂಲ್ ಮುಂತಾದವಕ್ಕೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ದ ವಿದೇಶಿ ವಿನಿಮಯ ನಿಯಮಗಳೇ ನಿಷೇಧಿಸಿವೆ. ಕಳಿಸಬೇಡಿ.

ಪ್ರಶ್ನೆ: ಕೋಲಾರದ ಮಂಡಿಯಲ್ಲಿ ಟೊಮೆಟೊ ಕೊಂಡು ಚೆನ್ನೈಯಲ್ಲಿ ಮಾರಿದ ಹಾಗೆ ತಾನೇ ಇದು? ನನ್ನ ಹತ್ತಿರ 10 ಸಾವಿರ ಇದೆ. ಇಬ್ಬರು ಏಜೆಂಟರು ಬೆಟ್ಟಿಂಗ್ ಖಾತೆಯ ‘ಐಡಿ’ ಕೊಡುತ್ತೇವೆ ಅಂತಾರೆ. ಮೊಬೈಲಿನಲ್ಲೇ ಮಾಡಬಹುದಾ?
– ಕೋಲಾರ ಎಪಿಎಂಸಿಯಿಂದ ಒಬ್ಬರು

ಉತ್ತರ: ಟೊಮೆಟೊ ಬಾಕ್ಸು ಲಾರಿಯಲ್ಲಿರುವಾಗ ದರ ಬಿದ್ದರೂ ಮಾಲು ನಿಮ್ಮದೇ, ಕೈಯಲ್ಲಿ ಮಂಡಿ ಚೀಟಿ ಇರುತ್ತದೆ. ಇಲ್ಲಿ ಸೋತ ಕಡೆಯ ದುಡ್ಡು ಖಂಡಿತ ಹೋಗುತ್ತದೆ, ಗೆದ್ದ ಕಡೆಯದು ಏಜೆಂಟ್ ಕೊಟ್ಟರೆ ಉಂಟು. ಕೊಡದಿದ್ದರೆ ಕೋರ್ಟಿಗೂ ಹೋಗುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಮೇಲಿನ ಟೆನಿಸ್ ದರಗಳಲ್ಲಿ ಸಿಗುವ 123 ರೂಪಾಯಿ ಲಾಭಕ್ಕೆ 10 ಸಾವಿರವನ್ನು ಗುರುತು ಪರಿಚಯವಿಲ್ಲದ ಇಬ್ಬರ ಕೈಗೆ ಕೊಟ್ಟಂತಾಗುತ್ತದೆ.

ಕಾನೂನಿನಲ್ಲೂ ಜಾಗವಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಹಣದ ವಹಿವಾಟಿಗೆ ನೆರವಾದವರಿಗೂ ಅಷ್ಟೇ. ಏಜೆಂಟರು ‘ನಿಮ್ಮ ಬ್ಯಾಂಕ್ ಖಾತೆ ಬಳಸಿಕೊಳ್ಳಲು ಕೊಡಿ, ಕಮಿಷನ್ ಕೊಡ್ತೀವಿ’ ಅನ್ನುವುದು ಅದಕ್ಕೇ. ಆಟಗಾರನನ್ನು ಈ ಕಾಯ್ದೆ ಅಪರಾಧಿ ಅನ್ನುವುದಿಲ್ಲ. ಆದರೆ ಜೂಜಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬೇರೆಯೇ ಇದೆ.

ನಿಷೇಧಕ್ಕೆ ಮುಂಚೆಯೂ ಇಲ್ಲಿ ಈ ಲೆಕ್ಕ ಕೂಡುತ್ತಿರಲಿಲ್ಲ ಅನ್ನುವುದು ತಮಾಷೆ. ಮೇಲಿನ ದರಗಳಲ್ಲಿ 10 ಸಾವಿರವನ್ನು 4,938 ಮತ್ತು 5,062 ಅಂತ ಹಾಕಿದಿರಿ, ಮೊದಲನೆಯದು ಗೆದ್ದಿತು ಅನ್ನಿ. ಆ ಕಂಪನಿಯ ಖಾತೆಯಲ್ಲಿ ನಿವ್ವಳ ಗೆಲುವು 5,185. ಹಣ ತೆಗೆಯುವಾಗ ಅದರ ಮೇಲೆ ಶೇ. 30 ಟಿಡಿಎಸ್, 1,556 ರೂಪಾಯಿ. ಎರಡನೇ ಕಂಪನಿಯಲ್ಲಿ ಕಳೆದುಕೊಂಡ 5,062ನ್ನು ಮೊದಲನೆಯ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 123 ರೂಪಾಯಿ ಲಾಭಕ್ಕೆ 1,556 ತೆರಿಗೆ! 2023ರ ಅಕ್ಟೋಬರ್‌ನಿಂದ ಠೇವಣಿಯ ಪೂರ್ಣ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬೇರೆ ಬಂದಿತ್ತು. ಶೇ. 1ರ ಲಾಭ ಅದರ ಮುಂದೆ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ದರಗಳನ್ನು ಹೋಲಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಬೆಟ್ ಕಟ್ಟುವುದಿಲ್ಲ. ಲೆಕ್ಕ ಸರಿಯಿದ್ದರೂ ದುಡ್ಡು ಹೋಗುವುದು ಎಲ್ಲಿ? ಎಕ್ಸ್‌ಚೇಂಜಿನ ‘ಲೇ’ ಬೆಟ್ಟಿಗೆ ಸೂತ್ರವೇನು?
– ತುಮಕೂರಿನ ವಿದ್ಯಾರ್ಥಿ

ಉತ್ತರ: ಎಕ್ಸ್‌ಚೇಂಜ್ ಅಂದರೆ ಗಿರಾಕಿಗಳು ತಮ್ಮತಮ್ಮಲ್ಲೇ ಬೆಟ್ ಕಟ್ಟುವ ತಾಣ, ಅದು ಗೆಲುವಿನಲ್ಲಿ ಕಮಿಷನ್ ಹಿಡಿಯುತ್ತದೆ. ‘ಬ್ಯಾಕ್’ ಅಂದರೆ ಗೆಲ್ಲುತ್ತದೆ ಅಂತ ಕಟ್ಟುವುದು. ‘ಲೇ’ ಅಂದರೆ ಗೆಲ್ಲುವುದಿಲ್ಲ ಅಂತ ಕಟ್ಟುವುದು, ಬುಕ್ಕಿಯ ಜಾಗದಲ್ಲಿ ನೀವೇ ಕೂರುವುದು. ಬ್ಯಾಕ್ ಮೊತ್ತವನ್ನು ಬ್ಯಾಕ್ ದರದಿಂದ ಗುಣಿಸಿ, ಲೇ ದರದಲ್ಲಿ ಕಮಿಷನ್ ಕಳೆದು ಬಂದದ್ದರಿಂದ ಭಾಗಿಸಿ; ಸಿಗುವುದೇ ಲೇ ಮೊತ್ತ. 100 ಪೌಂಡ್ 2.10ಕ್ಕೆ ಬ್ಯಾಕ್, 2.04ಕ್ಕೆ ಲೇ, ಕಮಿಷನ್ ಶೇ. 2 ಆದರೆ 210 ÷ 2.02 = 103.96. ಎಕ್ಸ್‌ಚೇಂಜಿನಲ್ಲಿ ಅಡವಿಡಬೇಕಾದ ದುಡ್ಡು 103.96 × 1.04 = 108.12. ಯಾವ ಕಡೆ ಆದರೂ ಲಾಭ 1.88. ಕಮಿಷನ್ ಶೇ. 5 ಆಗಿಬಿಟ್ಟರೆ ಅದೇ ಲಾಭ 25 ಪೆನ್ಸಿಗೆ ಇಳಿಯುತ್ತದೆ.

ದರ ದೊಡ್ಡದಾದಷ್ಟೂ ಬಂಡವಾಳ ನುಂಗುತ್ತದೆ. 6.20ಕ್ಕೆ 100 ಬ್ಯಾಕ್, 6.00ಕ್ಕೆ ಲೇ, ಅದೇ ಶೇ. 2 ಕಮಿಷನ್: ಲೇ ಮೊತ್ತ 103.68, ಅಡವು 518.39. 618 ಪೌಂಡ್ ಕಟ್ಟಿಹಾಕಿ ಸಿಗುವುದು 1.61. ನಿಮ್ಮ ಪ್ರೋಗ್ರಾಂ ಲಾಭವನ್ನು ಬ್ಯಾಕ್ ಮೊತ್ತದ ಮೇಲಲ್ಲ, ಒಟ್ಟು ಸಿಕ್ಕಿಕೊಂಡ ದುಡ್ಡಿನ ಮೇಲೆ ತೋರಿಸಲಿ. ಅನೇಕ ಕ್ಯಾಲ್ಕುಲೇಟರ್‌ಗಳು ಇದನ್ನು ಮುಚ್ಚಿಡುತ್ತವೆ.

ದುಡ್ಡು ಹೋಗುವ ಮುಖ್ಯ ದಾರಿ ನಿಯಮ ಪುಟದಲ್ಲಿದೆ. ಟೆನಿಸ್‌ನಲ್ಲಿ ಆಟಗಾರ ಗಾಯಗೊಂಡು ನಡುವೆ ಬಿಟ್ಟರೆ ಒಂದು ಕಂಪನಿ ಬೆಟ್ ರದ್ದು ಮಾಡುತ್ತದೆ, ಇನ್ನೊಂದು ಒಂದು ಸೆಟ್ ಮುಗಿದಿದ್ದರೆ ಸಾಕು ಅಂತ ಇತ್ಯರ್ಥ ಮಾಡುತ್ತದೆ. ರದ್ದಾದ ಕಡೆ ಅಸಲು ವಾಪಸ್, ಸೋತ ಕಡೆ ಎಲ್ಲ ಖಾಲಿ. 100 ಪೌಂಡ್ ಹೀಗೆ ಹೋದರೆ ತುಂಬಿಸಲು 1.88 ಲಾಭದ 50ಕ್ಕಿಂತ ಹೆಚ್ಚು ಅವಕಾಶ ಸರಿಯಾಗಿ ಹಿಡಿಯಬೇಕು. ಕ್ರಿಕೆಟ್‌ನಲ್ಲಿ ಮಳೆ ಬಂದು ಓವರ್ ಕಡಿತವಾದರೆ ‘ಒಟ್ಟು ರನ್’ ಬೆಟ್ಟುಗಳು ಒಂದೊಂದು ಕಡೆ ಒಂದೊಂದು ಥರ. ಟೈ ಆದರೂ ಅಷ್ಟೇ. 2019ರ ವಿಶ್ವಕಪ್ ಫೈನಲ್‌ನಲ್ಲಿ ಸೂಪರ್ ಓವರ್ ಕೂಡ ಟೈ ಆಗಿ ಬೌಂಡರಿ ಎಣಿಸಬೇಕಾಯಿತು. ಫುಟ್ಬಾಲ್‌ನಲ್ಲಿ ಡ್ರಾ ಮೂರನೇ ಫಲಿತಾಂಶ, ಅದನ್ನು ಬಿಟ್ಟು ಕೂಡಿದರೆ ಸುಳ್ಳು ಲಾಭ ಕಾಣುತ್ತದೆ.

ಇನ್ನೊಂದು, ಕಣ್ತಪ್ಪಿನ ದರ. 1.50 ಅಂತ ಹಾಕಬೇಕಾದಲ್ಲಿ 5.10 ಬಿದ್ದಿದ್ದರೆ ಕಂಪನಿ ಆಮೇಲೆ ಆ ಬೆಟ್ಟನ್ನು ರದ್ದು ಮಾಡಬಹುದು, ಆದರೆ ನೀವು ಬೇರೆ ಕಡೆ ಕಟ್ಟಿದ್ದು ಹಾಗೇ ನಿಲ್ಲುತ್ತದೆ. ಶೇ. 5ಕ್ಕಿಂತ ಹೆಚ್ಚು ಲಾಭ ಕಂಡರೆ ಪ್ರೋಗ್ರಾಂ ಕೆಂಪು ಗುರುತು ಹಾಕಲಿ. ದರ ಓದಿದ ಸಮಯವನ್ನೂ ಪಕ್ಕದಲ್ಲೇ ದಾಖಲಿಸಿ; ಅರ್ಧ ನಿಮಿಷ ಹಳೆಯದಾದ ದರವನ್ನು ನಂಬಬಾರದು. ಕಟ್ಟುವ ಕ್ರಮವನ್ನು ಸಿಮ್ಯುಲೇಷನ್ನಿನಲ್ಲಿ ತೋರಿಸುವುದಾದರೆ ಮೊದಲು ಬುಕ್ಕಿ, ಆಮೇಲೆ ಎಕ್ಸ್‌ಚೇಂಜ್. ನೀವು 100 ಕಟ್ಟಲು ಹೋದರೆ ಬುಕ್ಕಿ 12 ಮಾತ್ರ ಒಪ್ಪಬಹುದು, ಆಗ ಲೇ ಮೊತ್ತವನ್ನು 12ಕ್ಕೆ ಹೊಸದಾಗಿ ಲೆಕ್ಕ ಹಾಕಬೇಕು. ಅಷ್ಟರಲ್ಲಿ ಲೇ ದರ ಏರಿದ್ದರೆ ಒಂದೆರಡು ಪೌಂಡ್ ನಷ್ಟಕ್ಕೆ ಮುಚ್ಚುವುದೇ ಸರಿ. ಇಳಿಯಲಿ ಅಂತ ಕಾದು ಕೂತರೆ ಅದು ಬರೀ ಜೂಜು.

ಪ್ರಶ್ನೆ: ವಾಟ್ಸಾಪ್ ಗುಂಪೊಂದರಲ್ಲಿ ‘ಆರ್ಬಿಟ್ರೇಜ್ ಫಂಡ್’ ಅಂತ 50 ಸಾವಿರ ಹಾಕಿಸಿಕೊಂಡು ದಿನಕ್ಕೆ ಶೇ. 2 ಕೊಡುತ್ತಾರಂತೆ. ಪಕ್ಕದ ಮನೆಯವರಿಗೆ 5 ಸಾವಿರ ಬಂದೂ ಇದೆ.
– ಚಿಂತಾಮಣಿಯ ಓದುಗರು

ಉತ್ತರ: ದಿನಕ್ಕೆ ಶೇ. 2, ಚಕ್ರಬಡ್ಡಿ ಲೆಕ್ಕದಲ್ಲಿ 250 ದಿನಕ್ಕೆ 141 ಪಟ್ಟು. 50 ಸಾವಿರ 70 ಲಕ್ಷ ದಾಟುತ್ತದೆ. ಅಂಥದ್ದು ಕೈಯಲ್ಲಿರುವವರು ನಿಮ್ಮ 50 ಸಾವಿರಕ್ಕೆ ಯಾಕೆ ಕೈಚಾಚುತ್ತಾರೆ? ಪಕ್ಕದ ಮನೆಗೆ ಬಂದ 5 ಸಾವಿರ ಇನ್ನೊಬ್ಬರು ಹಾಕಿದ್ದು. ಮುಂದಿನ ಹಂತದಲ್ಲಿ ಆ್ಯಪಿನಲ್ಲಿ ದೊಡ್ಡ ಮೊತ್ತ ಕಾಣಿಸುತ್ತದೆ, ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಅನ್ನುತ್ತಾರೆ. ಯಾವ ತೆರಿಗೆಯನ್ನೂ ಹಾಗೆ ಯುಪಿಐನಲ್ಲಿ ಖಾಸಗಿಯವರಿಗೆ ಮುಂಗಡ ಕಟ್ಟುವುದಿಲ್ಲ. ದುಡ್ಡು ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ಎದುರು ಖಾತೆಯಲ್ಲೇ ಹಣ ತಡೆಯುವ ಸಾಧ್ಯತೆ ಹೆಚ್ಚು. ನೆರೆಯವರಿಗೂ ಹೇಳಿ: ಬಂದ ದುಡ್ಡು ಇನ್ನೊಬ್ಬರ ದೂರಿಗೆ ಸಂಬಂಧಿಸಿದ್ದಾದರೆ ಅವರ ಖಾತೆಯೂ ಫ್ರೀಜ್ ಆಗಬಹುದು.

ಪ್ರಶ್ನೆ: ಬೆಂಗಳೂರಿನ ಕುದುರೆ ರೇಸ್ ಕಾನೂನುಬದ್ಧ ಅಲ್ಲವೇ? ಅಲ್ಲಿ ಬುಕ್ಕಿ ಮತ್ತು ಟೋಟ್ ನಡುವೆ ಇದನ್ನು ಮಾಡಲಾಗದೇ?
– ತಿಪಟೂರಿನಿಂದ

ಉತ್ತರ: ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಅದು ನಿಜ. ಆದರೆ ಟೋಟ್‌ನಲ್ಲಿ ದರ ಮೊದಲೇ ನಿಗದಿಯಾಗುವುದಿಲ್ಲ. ಎಲ್ಲರ ದುಡ್ಡನ್ನು ಒಟ್ಟು ಹಾಕಿ, ಕಡಿತ ಕಳೆದು, ಗೆದ್ದವರಿಗೆ ಹಂಚುತ್ತಾರೆ. ನೀವು ಟಿಕೆಟ್ ಕೊಂಡಾಗ ಬೋರ್ಡಿನಲ್ಲಿ ಕಂಡ ದರ ಕುದುರೆಗಳು ಓಡುವ ಹೊತ್ತಿಗೆ ಬೇರೆಯಾಗಿರುತ್ತದೆ. ಒಂದು ಕಡೆಯ ದರ ಗೊತ್ತಿಲ್ಲದೆ ಇನ್ನೊಂದು ಕಡೆ ಎಷ್ಟು ಕಟ್ಟಬೇಕೆಂದು ಲೆಕ್ಕ ಹಾಕಲು ಬರುವುದಿಲ್ಲ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ರೇಸ್ ಬೆಟ್ಟಿಂಗಿಗೆ ಜಿಎಸ್‌ಟಿ ಶೇ. 40.