ಪಿನ್ ಮರೆತಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಟಿಎಂನಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿ ಕಾರ್ಡ್ ಬ್ಲಾಕ್ ಆಯಿತು. ಶಾಖೆಗೆ ಹೋಗಿ, ಕಂಪ್ಯೂಟರಿನಲ್ಲಿ ನೋಡಿ ನನ್ನ ಪಿನ್ ಹೇಳಿ ಎಂದರೆ, ನಮಗೂ ಕಾಣುವುದಿಲ್ಲ ಎನ್ನುತ್ತಾರೆ. ಇದು ನಿಜವೇ, ಸಬೂಬೇ? (ಓದುಗರು, ದಾವಣಗೆರೆ)

ಉತ್ತರ: ನಿಜ. ನೀವು ಒತ್ತಿದ ಅಂಕಿಗಳನ್ನು ಎಟಿಎಂ ಯಂತ್ರ ಕೀಲಿಮಣೆಯೊಳಗೇ ಗೂಢಲಿಪಿಯಾಗಿಸಿ ಕಳಿಸುತ್ತದೆ. ಬ್ಯಾಂಕಿನ ಕಡೆ ಅದನ್ನು ತಾಳೆ ನೋಡಲೆಂದೇ ಪ್ರತ್ಯೇಕ ಭದ್ರತಾ ಸಾಧನ ಇರುತ್ತದೆ. ಸರಿಯೋ ತಪ್ಪೋ ಎಂಬುದಷ್ಟೇ ಅದರಿಂದ ಹೊರಬರುವ ಉತ್ತರ. ಅಂಕಿಗಳು ಯಾವ ಸಿಬ್ಬಂದಿಯ ಪರದೆಗೂ ಬರುವುದಿಲ್ಲ. ಆದ್ದರಿಂದ ಮರೆತ ಪಿನ್ನನ್ನು ಬ್ಯಾಂಕಿನವರಿಂದ ಕೇಳಿ ಪಡೆಯುವ ದಾರಿಯೇ ಇಲ್ಲ. ಹೊಸದು ಮಾಡಿಕೊಳ್ಳಬೇಕು, ಅದಕ್ಕೆ ಹತ್ತು ನಿಮಿಷ ಸಾಕು.

ಮೂರು ತಪ್ಪಿಗೆ ಬೀಳುವ ತಡೆ ಸಾಮಾನ್ಯವಾಗಿ ಆ ದಿನದ ಮಟ್ಟಿಗೆ ಮಾತ್ರ, ಮರುದಿನ ತಾನಾಗಿಯೇ ತೆರೆಯುತ್ತದೆ. ಪಿನ್ ನೆನಪಿಗೆ ಬರದಿದ್ದರೆ ಕಾದು ಪ್ರಯೋಜನವಿಲ್ಲ. ಎಸ್‌ಬಿಐ ಗ್ರಾಹಕರಾದರೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲಿನಿಂದ 567676 ಸಂಖ್ಯೆಗೆ ಎಸ್ಸೆಮ್ಮೆಸ್ ಕಳಿಸಿ: ಇಂಗ್ಲಿಷ್ ಅಕ್ಷರಗಳಲ್ಲಿ PIN ಎಂಬ ಪದ, ಒಂದು ಜಾಗ ಬಿಟ್ಟು ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮತ್ತೆ ಜಾಗ ಬಿಟ್ಟು ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಬರುವ ಒಟಿಪಿ ಎರಡು ದಿನ ನಡೆಯುತ್ತದೆ. ಎಸ್‌ಬಿಐ ಎಟಿಎಂನಲ್ಲೇ ಕಾರ್ಡ್ ಹಾಕಿ, ಪಿನ್ ಜಾಗದಲ್ಲಿ ಆ ಒಟಿಪಿ ಕೊಟ್ಟು, ಪಿನ್ ಬದಲಾವಣೆ ಆಯ್ದು ಹೊಸ ಪಿನ್ನನ್ನು ಎರಡು ಬಾರಿ ಒತ್ತಿ. ಬೇರೆ ಬ್ಯಾಂಕುಗಳಲ್ಲೂ ಎಟಿಎಂ, ಮೊಬೈಲ್ ಆಪ್ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಇಂಥದೇ ವ್ಯವಸ್ಥೆ ಇದೆ.

ಈ ಎಸ್ಸೆಮ್ಮೆಸ್‌ಗೆ ಉತ್ತರವೇ ಬರಲಿಲ್ಲ ಎಂದು ದೂರುವವರು ಬಹಳ. ಮೊದಲು ಸಿಮ್ ನೋಡಿ. ಎರಡು ಸಿಮ್ ಇರುವ ಫೋನಿನಲ್ಲಿ ಸಂದೇಶ ಮೊದಲನೆಯದರಿಂದ ಹೋಗಿ, ಬ್ಯಾಂಕಿಗೆ ಕೊಟ್ಟ ನಂಬರ್ ಎರಡನೆಯದಾಗಿದ್ದರೆ ಬ್ಯಾಂಕ್ ನಿಮ್ಮನ್ನು ಗುರುತಿಸುವುದಿಲ್ಲ. ಆ ಸಿಮ್ಮಿನ ರೀಚಾರ್ಜ್ ಮುಗಿದಿದ್ದರೂ ಸಂದೇಶ ಹೋಗುವುದಿಲ್ಲ.

ಇನ್ನೊಂದು ಮಾತು. ಎಷ್ಟೋ ಜನರಿಗೆ ಪಿನ್ ನೆನಪಿರುವುದು ಅಂಕಿಯಾಗಿ ಅಲ್ಲ, ಬೆರಳಿನ ಓಡಾಟವಾಗಿ. ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಕೈ ಹಾಕದೆ ಹೊರಗೆ ಬನ್ನಿ. ಫೋನಿನಲ್ಲಿ ಕರೆ ಮಾಡುವ ಅಂಕಿಮಣೆ ತೆರೆದು ಬೆರಳನ್ನು ಅದರ ಪಾಡಿಗೆ ಆಡಲು ಬಿಡಿ. ಕರೆ ಗುಂಡಿ ಮಾತ್ರ ಒತ್ತಬೇಡಿ, ಆಮೇಲೆ ಅಂಕಿಗಳನ್ನು ಅಳಿಸಿಬಿಡಿ. ಎಟಿಎಂನಂತೆ ಅಲ್ಲಿಯೂ 1 ಮೇಲಿನ ಸಾಲಿನಲ್ಲಿದೆ. ಕಂಪ್ಯೂಟರ್ ಕೀಬೋರ್ಡಿನ ಅಂಕಿಮಣೆಯಲ್ಲಿ 7 ಮೇಲಿರುವುದರಿಂದ ಅಲ್ಲಿ ಬೆರಳು ದಾರಿ ತಪ್ಪುತ್ತದೆ.

ಪ್ರಶ್ನೆ: ಯುಪಿಐ ಪಿನ್ ಮರೆತಿದೆ. ನಾನು ಡೆಬಿಟ್ ಕಾರ್ಡೇ ಮಾಡಿಸಿಲ್ಲ. ಆಪ್ ಅಳಿಸಿ ಮತ್ತೆ ಹಾಕಿಕೊಂಡರೂ ಹಳೆಯ ಪಿನ್ನನ್ನೇ ಕೇಳುತ್ತಿದೆ. (ಓದುಗರು, ಹೊನ್ನಾವರ)

ಉತ್ತರ: ಯುಪಿಐ ಪಿನ್ ಸೇರಿರುವುದು ನಿಮ್ಮ ಬ್ಯಾಂಕ್ ಖಾತೆಗೆ, ಆಪ್‌ಗೆ ಅಲ್ಲ. ಆಪ್ ಅಳಿಸಿದರೂ, ಫೋನ್‌ಪೇ ಬಿಟ್ಟು ಗೂಗಲ್ ಪೇಗೆ ಹೋದರೂ ಆ ಖಾತೆಗೆ ಅದೇ ಪಿನ್. ಅಳಿಸಿ ಹಾಕುವುದರಿಂದ ನಷ್ಟವೂ ಇದೆ: ಹೊಸದಾಗಿ ನೋಂದಾಯಿಸಿದಂತಾದರೆ ಮೊದಲ 24 ಗಂಟೆ ಕಳಿಸಬಹುದಾದ ಮೊತ್ತಕ್ಕೆ ಮಿತಿ ಬೀಳುತ್ತದೆ.

ಆಪ್‌ನಲ್ಲಿ ಬ್ಯಾಂಕ್ ಖಾತೆ ತೆರೆದು, ಪಿನ್ ಮರೆತಿದ್ದೇನೆ ಎಂಬುದನ್ನು ಒತ್ತಿ. ಡೆಬಿಟ್ ಕಾರ್ಡ್ ಇದ್ದವರು ಅದರ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೊಡಬೇಕು. ನೀವು ಆಧಾರ್ ದಾರಿ ಹಿಡಿಯಿರಿ: ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಕೊಟ್ಟ ಮೇಲೆ ಎರಡು ಒಟಿಪಿ ಬರುತ್ತವೆ, ಒಂದು ಆಧಾರ್ ಪ್ರಾಧಿಕಾರದಿಂದ, ಇನ್ನೊಂದು ಬ್ಯಾಂಕಿನಿಂದ. ಜನ ಎಡವುವುದು ಇಲ್ಲೇ. ಕೊನೆಗೆ ಬಂದದ್ದನ್ನೇ ಎರಡೂ ಕಡೆ ತುಂಬಿಬಿಡುತ್ತಾರೆ. ಸಂದೇಶ ಕಳಿಸಿದವರ ಹೆಸರು ನೋಡಿ ಆಯಾ ಜಾಗದಲ್ಲಿ ತುಂಬಿ. ಬ್ಯಾಂಕಿನಲ್ಲೂ ಆಧಾರಿನಲ್ಲೂ ಒಂದೇ ಮೊಬೈಲ್ ನಂಬರ್ ಇದ್ದರೆ ಮಾತ್ರ ಈ ದಾರಿ ತೆರೆಯುತ್ತದೆ.

ನಿಜವಾಗಿ ಮರೆತಿದ್ದೀರಾ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಆಪ್ ತೆರೆಯುವಾಗ ಕೇಳುವುದು ಫೋನಿನ ಲಾಕ್. ಹಣ ಕಳಿಸುವ ಕೊನೆಯ ಪುಟದಲ್ಲಿ, ಬ್ಯಾಂಕಿನ ಹೆಸರಿನ ಕೆಳಗೆ ಕೇಳುವುದು ಯುಪಿಐ ಪಿನ್, ನಾಲ್ಕು ಅಥವಾ ಆರು ಅಂಕಿ. ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿ ಬ್ಲಾಕ್ ಮಾಡಿಕೊಳ್ಳುವವರು ಕಡಿಮೆಯಿಲ್ಲ. ಹಣ ಪಡೆಯಲು ಯಾವ ಪಿನ್ನೂ ಬೇಕಿಲ್ಲ. ದುಡ್ಡು ಹಾಕುತ್ತೇನೆ, ಪಿನ್ ಒತ್ತಿ ಎಂದವರು ನಿಮ್ಮ ದುಡ್ಡನ್ನೇ ಎಳೆಯುತ್ತಿದ್ದಾರೆ.

ಪ್ರಶ್ನೆ: ಒಟಿಪಿ ಹೋಗುವುದು ನನ್ನ ಹಳೆಯ ನಂಬರಿಗೆ. ಆ ಸಿಮ್ ಬಿಟ್ಟು ಎರಡು ವರ್ಷವಾಯಿತು. ಈಗ ಯಾವ ಪಾಸ್‌ವರ್ಡನ್ನೂ ಬದಲಿಸಲಾಗುತ್ತಿಲ್ಲ. (ಓದುಗರು, ಕೊಪ್ಪಳ)

ಉತ್ತರ: ನಿಮ್ಮದು ಪಾಸ್‌ವರ್ಡಿನ ತೊಂದರೆಯಲ್ಲ, ನಂಬರಿನ ತೊಂದರೆ. ಇದನ್ನು ಈ ವಾರವೇ ಸರಿಪಡಿಸಿಕೊಳ್ಳಿ. 90 ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿ ನಿಲ್ಲಿಸಬಹುದು, ಮುಂದೆ ಅದು ಬೇರೊಬ್ಬರ ಕೈ ಸೇರುತ್ತದೆ. ಅಂದರೆ ನಿಮ್ಮ ಒಟಿಪಿಗಳು ಈಗ ಗುರುತು ಪರಿಚಯವಿಲ್ಲದ ಯಾರದೋ ಫೋನಿಗೆ ಹೋಗುತ್ತಿರಬಹುದು.

ಮೊದಲು ಬ್ಯಾಂಕ್. ಖಾತೆ ಇರುವ ಶಾಖೆಗೆ ಪಾಸ್‌ಬುಕ್, ಆಧಾರ್ ಮತ್ತು ಪ್ಯಾನ್ ಮೂಲಪ್ರತಿಗಳೊಂದಿಗೆ ನೀವೇ ಹೋಗಿ, ಮೊಬೈಲ್ ಬದಲಾವಣೆ ಅರ್ಜಿ ಕೊಡಿ. ಸಹಿ ಖಾತೆ ತೆರೆದಾಗಿನಂತೆಯೇ ಇರಲಿ. ಸಹಿ ಹೊಂದದೆ ಅರ್ಜಿ ವಾಪಸಾಗುವುದುಂಟು. ಹೊಸ ನಂಬರಿಗೆ ಬ್ಯಾಂಕಿನಿಂದ ದೃಢೀಕರಣ ಸಂದೇಶ ಬಂದ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿಯಿರಿ. ಆಮೇಲೆ ಆಧಾರ್ ಕೇಂದ್ರ. ಮೊಬೈಲ್ ನಂಬರ್ ಬದಲಿಸಲು ದಾಖಲೆ ಪತ್ರ ಬೇಕಿಲ್ಲ, ನೀವು ಬೆರಳಚ್ಚು ಕೊಡಬೇಕು. ಶುಲ್ಕ 75 ರೂಪಾಯಿ. ಎರಡೂ ಆದ ನಂತರ ಯುಪಿಐ. ಈ ಕ್ರಮ ತಪ್ಪಿಸಿದರೆ ಎಲ್ಲೆಡೆ ಅರ್ಧ ಕೆಲಸವಾಗಿ ನಿಲ್ಲುತ್ತದೆ.

ನಂಬರ್ ನಿಮ್ಮದೇ ಇದ್ದು ಸಿಮ್ ಮಾತ್ರ ಕಳೆದಿದ್ದರೆ ಕಂಪನಿಯ ಮಳಿಗೆಯಲ್ಲಿ ಅದೇ ನಂಬರಿನ ಬದಲಿ ಸಿಮ್ ಕೊಡುತ್ತಾರೆ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದರೆ ಒಡನೆ ಒಟಿಪಿ ಸಿಗಬಾರದೆಂದು ಮಾಡಿದ ತಡೆ ಇದು. ಆ ಹೊತ್ತಿನಲ್ಲಿ ಒಟಿಪಿಗಾಗಿ ಮತ್ತೆ ಮತ್ತೆ ಒತ್ತುತ್ತ ಕೂರಬೇಡಿ.

ಪ್ರಶ್ನೆ: ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮರೆತು, ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿದೆ. ಒಂದು ಆಪ್ ಹಾಕಿಕೊಳ್ಳಿ ಎಂದರು. ಹಾಕಿದೆ, ಆಮೇಲೆ ಅನುಮಾನ ಬಂದು ಕರೆ ಕಡಿದೆ. (ಓದುಗರು, ಮಂಡ್ಯ)

ಉತ್ತರ: ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆಪ್ ಇರಬೇಕು. ಫೋನಿನ ಇಂಟರ್ನೆಟ್ ಈಗಲೇ ನಿಲ್ಲಿಸಿ, ಆ ಆಪ್ ಅಳಿಸಿ. ಬೇರೊಂದು ಫೋನಿನಿಂದ, ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ತಡೆಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಒಂದು ರೂಪಾಯಿ ಹೋಗಿದ್ದರೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಬೇಕು, ಹಾಗಾಗಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ನಿಮ್ಮದೂ ಅಲ್ಲ ಎಂದಾದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಪಿನ್ ಅಥವಾ ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಕರೆ ಮಾಡಿದ ಗಂಟೆ, ನಿಮಿಷ ಬರೆದಿಡಬೇಕಾದದ್ದು ಇದಕ್ಕೇ.

ಬ್ಯಾಂಕಿನ ನಂಬರ್ ಬೇಕಾದಾಗ ಗೂಗಲ್‌ನಲ್ಲಿ ಮೇಲೆ ಬಂದದ್ದನ್ನು ನಂಬಬೇಡಿ. ಕಾರ್ಡಿನ ಹಿಂಬದಿ ನೋಡಿ, ಇಲ್ಲವೇ ಬ್ಯಾಂಕಿನ ಜಾಲತಾಣ ತೆರೆಯಿರಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ವಿಳಾಸದ ಕೊನೆ ಹಾಗಿದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಗೆ 74 ವರ್ಷ. ಪಿನ್ ಪದೇ ಪದೇ ಮರೆಯುತ್ತಾರೆ. ಅದನ್ನು ನನಗೇ ಹೇಳಿಟ್ಟು, ಕಾರ್ಡ್ ಕೊಟ್ಟು ನನ್ನಿಂದ ಹಣ ತೆಗೆಸುತ್ತಾರೆ. ಮನೆಯವರೇ ತಾನೇ, ಇದರಲ್ಲಿ ತಪ್ಪೇನಿದೆ? (ಓದುಗರು, ಬೆಂಗಳೂರು)

ಉತ್ತರ: ನಿಮ್ಮ ನಡುವೆ ತಪ್ಪಿಲ್ಲ. ಆದರೆ ಏನಾದರೂ ಎಡವಟ್ಟಾದರೆ ನಿಮ್ಮ ಪರ ನಿಲ್ಲುವ ನಿಯಮವಿಲ್ಲ. 2013ರಲ್ಲಿ ನಿಮ್ಮ ಊರಿನಲ್ಲೇ ಒಬ್ಬ ಬಾಣಂತಿ ಕಾರ್ಡ್ ಮತ್ತು ಪಿನ್ ಕೊಟ್ಟು 25,000 ರೂಪಾಯಿ ತರಲು ಗಂಡನನ್ನು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋದ ಪ್ರಕರಣ 2018ರಲ್ಲಿ ಅವರ ವಿರುದ್ಧ ಮುಗಿಯಿತು. ಪಿನ್ ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬ ನಿಯಮವೇ ಅಲ್ಲಿ ಮುಖ್ಯವಾಯಿತು. ಚೆಕ್ ಅಥವಾ ಅಧಿಕಾರ ಪತ್ರ ಕೊಟ್ಟು ಕಳಿಸಬಹುದಿತ್ತು ಎಂಬುದು ತೀರ್ಪಿನ ಸಾರ. ಹೆರಿಗೆಯಾಗಿ ಮಲಗಿದವರಿಗೆ ಇದು ಕಠಿಣ ಎನಿಸುತ್ತದೆ, ನಮಗೂ ಎನಿಸಿದೆ. ನಿಯಮ ಮಾತ್ರ ಹಾಗೇ ಇದೆ.

ನೆಟ್ಟಗಿನ ದಾರಿ ಜಂಟಿ ಖಾತೆ. ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಷರತ್ತಿನಲ್ಲಿ ನಿಮ್ಮ ಹೆಸರು ಸೇರಿಸಿದರೆ ನಿಮಗೇ ಬೇರೆ ಕಾರ್ಡ್, ಬೇರೆ ಪಿನ್ ಬರುತ್ತದೆ. ಅದು ಅವರಿಗೆ ಒಪ್ಪಿಗೆಯಾಗದಿದ್ದರೆ ಪಿನ್ನೇ ಬೇಡದ ದಾರಿಗಳಿವೆ. ಶಾಖೆಯಲ್ಲಿ ಪಾಸ್‌ಬುಕ್ ಮತ್ತು ಹಣ ಹಿಂಪಡೆಯುವ ಚೀಟಿ ಸಾಕು. ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ, ಬೆರಳಚ್ಚು ಕೊಟ್ಟೂ ಹಣ ಪಡೆಯಬಹುದು. ವಯಸ್ಸಾದವರ ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೆ ಬೇರೆ ಬೆರಳು ಇಟ್ಟು ನೋಡಿ, ಒಣಗಿದ ಬೆರಳಾದರೆ ತುಸು ಒದ್ದೆ ಮಾಡಿ ಒರೆಸಿ ಇಡಿ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯಲ್ಲಿ ಕೇಳಿ.

ಪ್ರಶ್ನೆ: ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಾಸ್‌ವರ್ಡ್ ಮಾಡುತ್ತೇನೆ. ಪದ ನೆನಪಿದ್ದರೂ ಒಳಗೆ ಬಿಡುವುದಿಲ್ಲ. (ಓದುಗರು, ಉಡುಪಿ)

ಉತ್ತರ: ನಿಮ್ಮ ವಿಧಾನ ಒಳ್ಳೆಯದು, ಕೈಕೊಡುವುದು ಕಾಗುಣಿತ. ‘ಬಾಳೆಕಾಯಿ’ಗೆ ಎಷ್ಟು ಎ ಹಾಕಿದಿರಿ? ಳಕಾರಕ್ಕೆ ಎಲ್ ಚಿಕ್ಕದೋ ದೊಡ್ಡದೋ? ಕೊನೆಗೆ ವೈ ಇತ್ತೋ ಇಲ್ಲವೋ? ದೀರ್ಘ, ಒತ್ತಕ್ಷರ, ಳಕಾರ, ಮಹಾಪ್ರಾಣ ಇಲ್ಲದ ಪದಗಳನ್ನೇ ಆರಿಸಿ: ಮರ, ನರಿ, ಮಡಕೆ, ಬಿಸಿಲು, ಕಡಲು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ, ನಡುವೆ ಅಡ್ಡಗೆರೆ, ಕೊನೆಗೆ ಎರಡು ಅಂಕಿ. ಮೊಬೈಲಿನಲ್ಲಿ ಮೊದಲ ಅಕ್ಷರ ತಾನಾಗಿಯೇ ದೊಡ್ಡದಾಗುತ್ತದೆ, ಸೂಚಿಸಿದ ಪದ ಒತ್ತಿದರೆ ಕೊನೆಯಲ್ಲಿ ಕಾಣದ ಜಾಗವೊಂದು ಸೇರುತ್ತದೆ. ಕಣ್ಣಿನ ಗುರುತು ಒತ್ತಿ, ಬರೆದದ್ದನ್ನು ನೋಡಿಯೇ ಮುಂದುವರಿಯಿರಿ.

ಬರೆದಿಡುವುದೇ ತಪ್ಪು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಾರ್ಡಿನ ಹಿಂದೆ, ಪರ್ಸಿನಲ್ಲಿ, ಫೋನಿನ ಸಂಪರ್ಕ ಪಟ್ಟಿಯಲ್ಲಿ ಬರೆದಿಡುವುದು ತಪ್ಪು. ನೆಟ್ ಬ್ಯಾಂಕಿಂಗ್, ಇಮೇಲ್ ಪಾಸ್‌ವರ್ಡ್‌ಗಳನ್ನು ಮನೆಯ ಬೀರುವಿನಲ್ಲಿ ಬೀಗದೊಳಗಿನ ಪುಸ್ತಕದಲ್ಲಿ, ಬ್ಯಾಂಕಿನ ಹೆಸರಿಲ್ಲದೆ ಬರೆದಿಡಿ. ಎಟಿಎಂ, ಯುಪಿಐ ಪಿನ್‌ಗಳನ್ನು ಅಲ್ಲಿಯೂ ಬರೆಯಬೇಡಿ, ಅವನ್ನು ಹೊಸದಾಗಿ ಮಾಡಿಕೊಳ್ಳುವುದೇ ಸುಲಭ.

ಪ್ರಶ್ನೆ: ಇ-ಆಧಾರ್ ಕಡತ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ನಾನು ಯಾವತ್ತೂ ಇಟ್ಟಿಲ್ಲ. (ಓದುಗರು, ಹಾಸನ)

ಉತ್ತರ: ಆಧಾರಿನಲ್ಲಿ ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರ, ಎಲ್ಲವೂ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಇನಿಶಿಯಲ್ ಮುಂದಿದ್ದರೆ ಚುಕ್ಕಿಯೂ ಒಂದು ಅಕ್ಷರ: ಕೆ. ಸುರೇಶ ಎಂದಿದ್ದರೆ ಕೆ, ಚುಕ್ಕಿ, ಎಸ್, ಯು. ಖಾಲಿ ಜಾಗ ಲೆಕ್ಕಕ್ಕಿಲ್ಲ.

ಪ್ರಶ್ನೆ: ಫೋನಿನ ಪ್ಯಾಟರ್ನ್ ಮರೆತು ಅಂಗಡಿಗೆ ಕೊಟ್ಟೆ. ರೀಸೆಟ್ ಮಾಡಿದರು, ಈಗ ಹಳೆಯ ಜಿಮೇಲ್ ಕೇಳುತ್ತಿದೆ. ಸಿಮ್ ಕೂಡ ಪಿಯುಕೆ ಎನ್ನುತ್ತಿದೆ. (ಓದುಗರು, ರಾಯಚೂರು)

ಉತ್ತರ: ಕದ್ದ ಫೋನ್ ಬಳಕೆಗೆ ಬರಬಾರದೆಂದು ಆಂಡ್ರಾಯ್ಡ್‌ನಲ್ಲಿ ಇರುವ ರಕ್ಷಣೆ ಅದು. ಮೊದಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಬೇಕು. ಮರೆತಿದ್ದರೆ, ಆ ಖಾತೆಯನ್ನು ನೀವು ಮೊದಲು ಬಳಸುತ್ತಿದ್ದ ಇನ್ನೊಂದು ಫೋನ್ ಅಥವಾ ಕಂಪ್ಯೂಟರಿನಿಂದ, ಸಾಧ್ಯವಾದರೆ ಮನೆಯ ವೈಫೈನಲ್ಲೇ, ಖಾತೆ ಮರಳಿ ಪಡೆಯಲು ಯತ್ನಿಸಿ. ಪರಿಚಿತ ಸಾಧನ, ಪರಿಚಿತ ಜಾಗವನ್ನು ಗೂಗಲ್ ಗಮನಿಸುತ್ತದೆ.

ಸಿಮ್ ಪಿನ್ ಮೂರು ಸಲ ತಪ್ಪಿದಾಗ ಪಿಯುಕೆ ಕೇಳುತ್ತದೆ. ಅದು ಸಿಮ್‌ನ ಬೀಗ ತೆರೆಯುವ ಎಂಟು ಅಂಕಿಯ ಸಂಖ್ಯೆ, ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚಾಗಿರಬಹುದು. ಇಲ್ಲದಿದ್ದರೆ ಸಿಮ್ ಕಂಪನಿಯ ಗ್ರಾಹಕ ಸೇವೆಯವರು ನಿಮ್ಮ ಗುರುತು ಖಚಿತಪಡಿಸಿಕೊಂಡು ಹೇಳುತ್ತಾರೆ. ಊಹಿಸಿ ಒತ್ತಬೇಡಿ. ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ತೆರೆಯುವುದಿಲ್ಲ, ಅದೇ ನಂಬರಿಗೆ ಬದಲಿ ಸಿಮ್ ಪಡೆದು ಮೇಲೆ ಹೇಳಿದ 24 ಗಂಟೆ ಕಾಯಬೇಕಾಗುತ್ತದೆ.