ದಿನಕ್ಕೊಂದು ತಪ್ಪು ಉತ್ತರ

ಧಾರವಾಡದಲ್ಲಿ ಆಪ್ತಸಲಹೆ ಕೊಡಲು ಕೂತವರಿಗೆ ಈ ಪ್ರಕರಣ ಹೊಸದಲ್ಲ. ಸಪ್ತಾಪುರದ ಆಸುಪಾಸಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ, ಊರಿಂದ ಬಂದ ಅಪ್ಪ, ಅಪ್ಪನ ಬಾಯಲ್ಲಿ ‘ಮೈಗಳ್ಳ’. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 27, ಆರು ತಿಂಗಳಿಂದ ಪುಸ್ತಕ ಮುಟ್ಟಿಲ್ಲ.

ಮೊದಲ ಭೇಟಿಯಲ್ಲಿ ನಾನು ಟೈಮ್‌ಟೇಬಲ್ ಹಾಕಿಕೊಟ್ಟೆ. ತಪ್ಪು ಮಾಡಿದೆ, ಅವನ ಗೋಡೆಯ ಮೇಲೆ ಆಗಲೇ ನಾಲ್ಕಿದ್ದವಂತೆ. ರಕ್ತ ಪರೀಕ್ಷೆಗೆ ಕಳಿಸಿದ್ದು ಮಾತ್ರ ಸರಿ. ಥೈರಾಯ್ಡ್ ಕುಗ್ಗಿದವರೂ ರಕ್ತಹೀನತೆ ಇರುವವರೂ ಮನೆಯವರ ಕಣ್ಣಿಗೆ ಮೈಗಳ್ಳರಾಗಿಯೇ ಕಾಣುತ್ತಾರೆ. ಇವನಿಗೆ ಎರಡೂ ಇರಲಿಲ್ಲ. ಖಿನ್ನತೆಯ ಲಕ್ಷಣಗಳೂ ಕಾಣಲಿಲ್ಲ.

ಮೂರನೇ ಭೇಟಿಯಲ್ಲಿ ಓದಿನ ಮಾತು ಬಿಟ್ಟು, ನಿನ್ನೆ ಬೆಳಗಿನಿಂದ ಏನೇನು ಮಾಡಿದೆ ಹೇಳು ಎಂದೆ.

“ರೂಮು ಗುಡಿಸಿದೆ. ನಾಕೂ ಮಂದಿ ಭಾಂಡೆ ತಿಕ್ಕಿದೆ. ಸಂಜಿಕ ಖಾನಾವಳಿಯಿಂದ ಎಲ್ಲಾರಿಗೂ ರೊಟ್ಟಿ ತಂದೆ.”

ನಾಲ್ವರ ಭಾಂಡೆ ತಿಕ್ಕುವ ಮೈಗಳ್ಳನನ್ನು ನಾನು ಈವರೆಗೆ ಕಂಡಿಲ್ಲ ಎಂದೆ. ಅವನು ನಗಲಿಲ್ಲ. ಬಹಳ ಹೊತ್ತು ಚಪ್ಪಲಿಯ ಬಾರನ್ನೇ ನೋಡುತ್ತಿದ್ದು, ಆಮೇಲೆ ಹೇಳಿದ: “ಪುಸ್ತಕ ತಗದ್ರ ನನಗ ಏನೇನ್ ಬರಂಗಿಲ್ಲ ಅಂತ ಗೊತ್ತಾಗ್ತದ್ರಿ ಸರ್. ಭಾಂಡೆ ಹಂಗ ಹೇಳಂಗಿಲ್ಲ.”

ಕೆಲಸ ಮುಂದೂಡುವುದು ವೇಳೆ ಹೊಂದಿಸಲಾಗದ ದೋಷವಲ್ಲ, ಆ ಕೆಲಸ ತರುವ ಕಸಿವಿಸಿಯಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಟಿಮೊಥಿ ಪಿಚಿಲ್, ಫ್ಯೂಷಿಯಾ ಸಿರೊಯಿಸ್ ಎಂಬ ಮನೋವಿಜ್ಞಾನಿಗಳು ಬರೆದಿದ್ದಾರೆ. ನಾನದನ್ನು ಓದಿದ್ದೆ. ಆದರೂ ಟೈಮ್‌ಟೇಬಲ್ ಬರೆದುಕೊಟ್ಟಿದ್ದೆ.

ಅವತ್ತು ಕೊಟ್ಟ ಸಲಹೆ ಇಷ್ಟೇ. ಬೆಳಗಿನ ಚಹಾದ ಲೋಟ ಕೆಳಗಿಟ್ಟ ಕೂಡಲೇ, ಎದ್ದು ಹೋಗದೆ, ಹಳೆಯ ಪ್ರಶ್ನೆಪತ್ರಿಕೆಯ ಒಂದೇ ಒಂದು ಪ್ರಶ್ನೆಗೆ ಓದದೆಯೇ ಉತ್ತರ ಬರೆಯುವುದು. ತಪ್ಪಿದ್ದರೆ ಒಳ್ಳೆಯದೇ. ಆಮೇಲೆ ಪುಸ್ತಕ ತೆರೆದು ಆ ತಪ್ಪನ್ನಷ್ಟೇ ತಿದ್ದುವುದು.

ಅಪ್ಪ ಸಿಟ್ಟಾದರು. “ದಿನಕ್ಕೊಂದು ಪ್ರಶ್ನೆ ಬರದ್ರ ನೌಕರಿ ಸಿಗತೈತೇನ್ರಿ?” ಸಿಗುವುದಿಲ್ಲ. ನನ್ನ ಗುರಿ ನೌಕರಿಯಾಗಿರಲಿಲ್ಲ. ‘ಬರಂಗಿಲ್ಲ’ ಎಂಬುದನ್ನು ದಿನಾ ಒಮ್ಮೆ ನೋಡಿಯೂ ಅವನು ಅಲ್ಲೇ ಕೂತಿರುವಂತಾಗಬೇಕಿತ್ತು. ಛಲ ಹುಟ್ಟಿದ ಮೇಲೆ ಕೆಲಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕಂಡಂತೆ ಛಲ ಕೆಲಸದ ಹಿಂದಿನಿಂದ ಬರುತ್ತದೆ, ಅದೂ ತಡವಾಗಿ.

ಇಪ್ಪತ್ತೊಂದು ದಿನ ಮಾಡಿದರೆ ರೂಢಿಯಾಗುತ್ತದಲ್ಲ ಎಂದೂ ಅಪ್ಪ ಕೇಳಿದರು, ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತಂತೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುಮಟ್ಟದ ಲೆಕ್ಕ 66 ದಿನ. ಬೇಗ ಎಂದರೆ 18, ತಡವೆಂದರೆ 254. ನಡುವೆ ಒಂದು ದಿನ ತಪ್ಪಿದರೆ ಕೆಡುವುದಿಲ್ಲ ಎಂದೂ ಅದರಲ್ಲಿದೆ. ಈ ಕೊನೆಯದನ್ನು ಹುಡುಗನಿಗೆ ಎರಡು ಸಲ ಹೇಳಿದೆ.

ಒಂಬತ್ತನೇ ವಾರ ನೋಟ್‌ಬುಕ್ ತಂದು ತೋರಿಸಿದ. ತುಂಬ ಕೆಂಪು ಗೆರೆ. ನಡುವೆ ಮೂರು ದಿನ ಖಾಲಿ. “ಊರಾಗ ಜಾತ್ರಿ ಇತ್ರಿ” ಎಂದ. ನಾಲ್ಕನೇ ದಿನದ ತಾರೀಖಿನ ಕೆಳಗೆ ಮತ್ತೊಂದು ತಪ್ಪು ಉತ್ತರವಿತ್ತು.